ಒತ್ತು ಜರುಗಿದರೆ ಕಾಲವೇ ಬದಲು: ಸ್ಪ್ಯಾನಿಷ್ ಕ್ರಿಯಾಪದಗಳ ಸಿಲಬಲ್ ಲೆಕ್ಕ

ಸ್ಪ್ಯಾನಿಷ್‌ನಲ್ಲಿ ‘ಆ-ಬ್ಲೊ’ ಅಂದರೆ ‘ಮಾತಾಡುತ್ತೇನೆ’. ‘ಅ-ಬ್ಲೋ’ ಅಂದರೆ ‘ಮಾತಾಡಿದ’, ಇಲ್ಲವೇ ‘ಮಾತಾಡಿದಳು’. ಎರಡರಲ್ಲೂ ಅಕ್ಷರಗಳು ಅವೇ. ಒತ್ತು ಮೊದಲ ತುಂಡಿನ ಮೇಲೆ ಬಿದ್ದರೆ ಮಾತಾಡುತ್ತಿರುವುದು ನಾನು, ಈಗ. ಎರಡನೆಯ ತುಂಡಿಗೆ ಜರುಗಿದರೆ ಮಾತಾಡಿದ್ದು ಬೇರೆ ಯಾರೋ, ಅದೂ ಆಗಿಹೋದ ಮಾತು.

ಕನ್ನಡದ ಹಾಗೇ ಸ್ಪ್ಯಾನಿಷ್‌ನಲ್ಲೂ ನಾನು, ನೀನು, ಅವಳು ಅಂತ ಪ್ರತಿ ಸಲ ಹೇಳಬೇಕಿಲ್ಲ. ‘ನಾಳೆ ಬರ್ತೀನಿ’ ಅಂದರೆ ಸಾಕು, ಯಾರು ಅಂತ ಕ್ರಿಯಾಪದವೇ ಹೇಳುತ್ತದೆ. ಆದರೆ ನಮ್ಮಲ್ಲಿ ‘ಮಾತಾಡುತ್ತೇನೆ’, ‘ಮಾತಾಡಿದಳು’ ಅಂತ ಪ್ರತ್ಯಯಗಳೇ ಬೇರೆ ಬೇರೆ. ಅರ್ಧ ಕೇಳಿಸಿದರೂ ಗೊತ್ತಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಎಷ್ಟೋ ಕಡೆ ಕಾಲ, ಪುರುಷ ಎರಡೂ ಒಂದೇ ಸ್ವರದ ಮೇಲೆ ನಿಂತಿರುತ್ತವೆ, ಅದಕ್ಕೆ ಒತ್ತು ಇದೆಯಾ ಇಲ್ಲವಾ ಅನ್ನುವುದರ ಮೇಲೆ. ಪಾಠಪುಸ್ತಕಗಳು ಈ ವಿಷಯವನ್ನು ಸಾಮಾನ್ಯವಾಗಿ ಸ್ಪೆಲ್ಲಿಂಗ್ ಪಾಠದ ಕೊನೆಗೆ ತಳ್ಳುತ್ತವೆ. ನನ್ನ ಪ್ರಕಾರ ಅದು ಇರಬೇಕಾದದ್ದು ಕ್ರಿಯಾಪದದ ಪಾಠದ ಮೊದಲ ಪುಟದಲ್ಲಿ.

ಮುಂದೆ ಹೋಗುವ ಮುಂಚೆ ಬರವಣಿಗೆಯ ಒಂದು ಏರ್ಪಾಡು. ಇಲ್ಲಿ ಒತ್ತು ಅಂದರೆ ಒತ್ತಕ್ಷರ ಅಲ್ಲ, ದನಿಯ ಒತ್ತು. ಆ ತುಂಡು ತುಸು ಜೋರಾಗಿ, ತುಸು ಉದ್ದವಾಗಿ ಕೇಳಿಸುತ್ತದೆ, ಶ್ರುತಿಯೂ ಅಲ್ಲಿ ತುಸು ಬದಲಾಗುತ್ತದೆ. ಸ್ಪ್ಯಾನಿಷ್ ಪದಗಳನ್ನು ಅಡ್ಡಗೆರೆ ಹಾಕಿ ಸಿಲಬಲ್‌ಗಳಾಗಿ, ಅಂದರೆ ಒಂದೊಂದು ಸ್ವರದ ಸುತ್ತ ನಿಂತ ಉಚ್ಚಾರದ ತುಂಡುಗಳಾಗಿ ಬಿಡಿಸಿದಾಗ, ಒತ್ತು ಇರುವ ಕಡೆ ದೀರ್ಘ ಸ್ವರ ಬರೆಯುತ್ತೇನೆ. ಹಾಗಂತ ಅದನ್ನು ನಮ್ಮ ‘ಕಾಡು’, ‘ಕೂಡು’ಗಳ ಹಾಗೆ ಎರಡು ಮಾತ್ರೆ ಎಳೆಯಬೇಡಿ. ಕನ್ನಡದಲ್ಲಿ ‘ಕಡು’ ಬೇರೆ, ‘ಕಾಡು’ ಬೇರೆ. ಸ್ಪ್ಯಾನಿಷ್‌ನಲ್ಲಿ ಸ್ವರದ ಉದ್ದದಿಂದ ಅರ್ಥ ಬದಲಾಗುವುದಿಲ್ಲ, ಒತ್ತಿನಿಂದ ಬದಲಾಗುತ್ತದೆ. ನಮಗೆ ಕಷ್ಟವಾಗುವುದೂ ಇಲ್ಲೇ. ನಾವು ಸಾಮಾನ್ಯವಾಗಿ ಪದದ ಮೊದಲ ಅಕ್ಷರವನ್ನು ತುಸು ಎತ್ತಿ ಹೇಳಿ ಮುಂದೆ ಸಾಗುವವರು. ಅದೇ ರೂಢಿಯಲ್ಲಿ ‘ಅ-ಬ್ಲೋ’ ಅಂದರೆ ಎದುರಿನವರಿಗೆ ‘ಆ-ಬ್ಲೊ’ ಅಂತಲೇ ಕೇಳಿಸುತ್ತದೆ.

ಇನ್ನೊಂದು ಮಾತು. ಸ್ಪ್ಯಾನಿಷ್ ಬರವಣಿಗೆಯಲ್ಲಿ ಕೆಲವು ಸ್ವರಗಳ ತಲೆಯ ಮೇಲೆ ಬಲಕ್ಕೆ ಏರುವ ಒಂದು ಸಣ್ಣ ಓರೆಗೆರೆ ಇರುತ್ತದೆ. ಅದಕ್ಕೆ ತಿಲ್ದೆ ಅನ್ನುತ್ತಾರೆ. ಅದು ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದಕ್ಕೆ ಗಟ್ಟಿ ನಿಯಮ ಇದೆ. ಆ ನಿಯಮ ಹಿಡಿತಕ್ಕೆ ಬರಬೇಕಾದರೆ ಪದವನ್ನು ಸಿಲಬಲ್‌ಗಳಾಗಿ ಕತ್ತರಿಸಲು ಬರಬೇಕು.

ಎಲ್ಲಿ ಕತ್ತರಿಸಬೇಕು?

ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ‘ತಿನ್ನು’ ಅನ್ನುವುದಕ್ಕೆ ಕೊ-ಮೇರ್. ಇದರಲ್ಲಿ ಕಷ್ಟ ಏನಿಲ್ಲ. ಎರಡು ವ್ಯಂಜನ ಇದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ‘ಹಾಡು’ ಕನ್-ತಾರ್, ‘ಇಷ್ಟವಾಗು’ ಗುಸ್-ತಾರ್.

ನಮ್ಮ ಲಿಪಿ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಪುಸ್ತಕ’ ಅಂತ ಬರೆದಾಗ ಕಣ್ಣಿಗೆ ಕಾಣುವುದು ಪು, ಸ್ತ, ಕ. ‘ಸ್ತ’ ಒಂದೇ ಅಕ್ಷರ. ಆದರೆ ಬಾಯಿ ಹೇಳುವುದು ಪುಸ್-ತ-ಕ. ಛಂದಸ್ಸು ಕಲಿತವರಿಗೆ ಇದು ಹೊಸದಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದರ ಹಿಂದಿರುವುದು ಇದೇ ಲೆಕ್ಕ. ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿದರೆ ಗುಸ್-ತಾರ್ ತಾನಾಗಿ ಬರುತ್ತದೆ.

ಒಂದು ಕಡೆ ಮಾತ್ರ ನಮ್ಮ ಛಂದಸ್ಸೂ ಸ್ಪ್ಯಾನಿಷ್‌ನ ಲೆಕ್ಕವೂ ಬೇರೆಯಾಗುತ್ತವೆ. ನಮ್ಮಲ್ಲಿ ‘ಚಕ್ರ’ದ ಚ ಗುರು, ಅಂದರೆ ಚಕ್-ರ. ಸ್ಪ್ಯಾನಿಷ್‌ನಲ್ಲಿ ಪ, ಬ, ಫ, ಕ, ಗ ಇವುಗಳ ಮುಂದೆ ಲ ಅಥವಾ ರ ಬಂದರೆ ಜೋಡಿ ಒಡೆಯುವುದಿಲ್ಲ. ತ, ದ ಮುಂದೆ ರ ಬಂದರೂ ಅಷ್ಟೇ. ಅದಕ್ಕೇ ‘ಮಾತಾಡು’ ಅನ್ನುವುದು ಅ-ಬ್ಲಾರ್, ‘ತೆರೆ’ ಅನ್ನುವುದು ಅ-ಬ್ರೀರ್, ‘ಕೊಂಡುಕೋ’ ಅನ್ನುವುದು ಕೊಮ್-ಪ್ರಾರ್. ಅಬ್-ಲಾರ್ ಅಂತ ಹೇಳಿದರೆ ಅರ್ಥ ಕೆಡುವುದಿಲ್ಲ, ಆದರೆ ಮಾತು ಮುಗ್ಗರಿಸಿದ ಹಾಗೆ ಕೇಳಿಸುತ್ತದೆ. ಅಂದ ಹಾಗೆ ಈ ಪದ ಬರವಣಿಗೆಯಲ್ಲಿ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ಅದು ಬರೀ ಕಾಗದದ ಮೇಲಿನ ಅತಿಥಿ, ಉಚ್ಚಾರ ಇಲ್ಲ.

‘ಸ’ ಮತ್ತು ಇನ್ನೊಂದು ವ್ಯಂಜನ ಸೇರಿ ಸಿಲಬಲ್ ಶುರುವಾಗುವುದು ಸ್ಪ್ಯಾನಿಷ್‌ಗೆ ಆಗಿಬರುವುದಿಲ್ಲ. ಹಳ್ಳಿಯ ಹಿರಿಯರು ಸ್ಕೂಲನ್ನು ‘ಇಸ್ಕೂಲು’ ಮಾಡಿಕೊಂಡ ಹಾಗೆ ಸ್ಪ್ಯಾನಿಷ್‌ನವರೂ ಪದದ ಮೊದಲಿಗೆ ಒಂದು ಎ ಸೇರಿಸಿಕೊಂಡಿದ್ದಾರೆ. ಶಾಲೆ ಎಸ್-ಕ್ವೇ-ಲ, ಬರೆಯುವುದು ಎಸ್-ಕ್ರಿ-ಬೀರ್, ಓದುವುದು, ಅಂದರೆ ಅಭ್ಯಾಸ ಮಾಡುವುದು, ಎಸ್-ತು-ದ್ಯಾರ್. ಆ ‘ಸ’ ಯಾವಾಗಲೂ ಹಿಂದಿನ ತುಂಡಿಗೇ ಅಂಟಿಕೊಳ್ಳುತ್ತದೆ. ವ್ಯಂಜನಗಳು ಸಾಲಾಗಿ ನಿಂತಿದ್ದರೂ ಇದು ತಪ್ಪುವುದಿಲ್ಲ: ತ್ರನ್ಸ್-ಕ್ರಿ-ಬೀರ್.

ಸ್ವರಗಳ ಜಗಳ

ವ್ಯಂಜನಗಳ ವಿಷಯ ಇಷ್ಟೇ. ನಿಜವಾದ ತಲೆನೋವು ಎರಡು ಸ್ವರ ಅಕ್ಕಪಕ್ಕ ಬಂದಾಗ.

ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ. ಅ, ಎ, ಒ ಗಟ್ಟಿ ಸ್ವರಗಳು. ಇ, ಉ ದುರ್ಬಲ ಸ್ವರಗಳು. ಎರಡು ಗಟ್ಟಿ ಸ್ವರಗಳು ಎದುರಾದರೆ ಯಾವುದೂ ಬಗ್ಗುವುದಿಲ್ಲ, ಎರಡು ಸಿಲಬಲ್ ಆಗುತ್ತವೆ. ‘ಪುಸ್ತಕ ಓದು’ ಅನ್ನುವ ಕ್ರಿಯಾಪದ ಲೆ-ಏರ್, ‘ಓದುತ್ತೇನೆ’ ಲೇ-ಒ, ‘ಬೀಳು’ ಕ-ಏರ್.

ಒಂದು ಗಟ್ಟಿ, ಒಂದು ದುರ್ಬಲ ಸೇರಿದರೆ ದುರ್ಬಲ ಸ್ವರ ಕರಗಿ ಒಂದೇ ಸಿಲಬಲ್ ಆಗುತ್ತದೆ. ಇದು ನಮಗೆ ಚೆನ್ನಾಗಿ ಗೊತ್ತಿರುವ ಯಣ್ ಸಂಧಿಯ ದಾರಿಯೇ. ‘ಅತಿ’ಗೆ ‘ಅಂತ’ ಸೇರಿ ‘ಅತ್ಯಂತ’ ಆಗುವಾಗ ಇ ಕರಗಿ ಯ್ ಆಗುತ್ತದಲ್ಲ, ಹಾಗೇ. ‘ಬದಲಾಯಿಸುತ್ತಾನೆ’ ಅನ್ನುವ ಪದವನ್ನು ಅಕ್ಷರ ಹಿಡಿದು ಓದಿದರೆ ಕಂಬಿಅ ಅಂತ ಕಾಣುತ್ತದೆ, ಹೇಳುವುದು ಕಾಮ್-ಬ್ಯ. ಎರಡೇ ಸಿಲಬಲ್. ಉ ಆದರೆ ವ್ ಆಗುತ್ತದೆ: ‘ನನ್ನಿಂದ ಆಗುತ್ತದೆ’ ಅನ್ನುವುದಕ್ಕೆ ಪ್ವೇ-ದೊ.

ಆದರೆ ದುರ್ಬಲ ಸ್ವರದ ಮೇಲೆಯೇ ಒತ್ತು ಬಿದ್ದರೆ? ಆಗ ಅದು ಕರಗುವುದಿಲ್ಲ. ಬೇರೆ ಸಿಲಬಲ್ ಆಗಿ ನಿಲ್ಲುತ್ತದೆ, ಅದರ ತಲೆಯ ಮೇಲೆ ತಿಲ್ದೆ ಕಡ್ಡಾಯ. ‘ತಿನ್ನು’ ಅನ್ನುವ ಕ್ರಿಯಾಪದದ ಎರಡು ಭೂತಕಾಲದ ರೂಪಗಳನ್ನು ಪಕ್ಕದಲ್ಲಿಟ್ಟು ನೋಡಿ. ‘ತಿನ್ನುತ್ತಿದ್ದ’ ಅನ್ನುವುದು ಕೊ-ಮೀ-ಅ. ಮೂರು ಸಿಲಬಲ್, ಒತ್ತು ಇ ಮೇಲೆ. ‘ತಿಂದ’ ಅನ್ನುವುದು ಕೊ-ಮ್ಯೋ. ಎರಡೇ ಸಿಲಬಲ್, ಒತ್ತು ಒ ಮೇಲೆ, ಇ ಕರಗಿಹೋಗಿದೆ. ಒತ್ತು ಎಲ್ಲಿದೆ ಅನ್ನುವುದು ಸಿಲಬಲ್‌ಗಳ ಎಣಿಕೆಯನ್ನೇ ಬದಲಾಯಿಸಿಬಿಡುತ್ತದೆ.

ಕನ್ನಡದವರು ಹುಷಾರಾಗಿರಬೇಕಾದ ಜಾಗ ಒಂದಿದೆ. ಎರಡು ಸ್ವರ ಒಟ್ಟಿಗೆ ಬರುವುದು ನಮ್ಮ ಬಾಯಿಗೆ ಹಿಡಿಸುವುದಿಲ್ಲ. ‘ಮನೆ’ಗೆ ‘ಅಲ್ಲಿ’ ಸೇರಿಸಿದರೆ ನಡುವೆ ಒಂದು ಯ ಬಂದೇ ಬರುತ್ತದೆ, ‘ಮನೆಯಲ್ಲಿ’. ಯಕಾರಾಗಮ ಅಂತ ವ್ಯಾಕರಣದಲ್ಲಿ ಓದಿದ್ದೇವೆ. ಅದೇ ರೂಢಿಯಲ್ಲಿ ಲೇ-ಒ ಅನ್ನುವುದನ್ನು ‘ಲೆಯೊ’ ಅಂದುಬಿಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ನಿಜವಾಗಿಯೂ ಲೆ-ಯೋ ಅಂತ ಒಂದು ಪದ ಇದೆ, ಅದರ ಅರ್ಥ ‘ಓದಿದ’. ಅಂದರೆ ಒಂದು ಯ ನುಸುಳಿ, ಒತ್ತು ಸ್ವಲ್ಪ ಮುಂದಕ್ಕೆ ಸರಿದರೆ ‘ಪೇಪರ್ ಓದುತ್ತೇನೆ’ ಅಂದದ್ದು ‘ಪೇಪರ್ ಓದಿದ’ ಆಗುತ್ತದೆ.

‘ಎನ್’ ಮತ್ತು ‘ಎಸ್’ ಮಾಡಿದ ತಪ್ಪೇನು?

ಈಗ ಒತ್ತಿನ ನಿಯಮ. ಪದ ಸ್ವರದಲ್ಲಿ ಮುಗಿದರೆ, ಅಥವಾ ‘ಎನ್’, ‘ಎಸ್’ ಅಕ್ಷರಗಳಲ್ಲಿ ಮುಗಿದರೆ, ಒತ್ತು ಕೊನೆಯಿಂದ ಎರಡನೆಯ ಸಿಲಬಲ್ ಮೇಲೆ. ಬೇರೆ ವ್ಯಂಜನದಲ್ಲಿ ಮುಗಿದರೆ ಒತ್ತು ಕೊನೆಯ ಸಿಲಬಲ್ ಮೇಲೆ. ಇದಕ್ಕೆ ವಿರುದ್ಧವಾಗಿ ಎಲ್ಲಿ ಒತ್ತು ಬಿದ್ದರೂ ತಿಲ್ದೆ ಹಾಕಿ ತೋರಿಸಬೇಕು. ಕೊನೆಯಿಂದ ಮೂರನೆಯದಕ್ಕೋ ಅದಕ್ಕೂ ಹಿಂದಕ್ಕೋ ಒತ್ತು ಹೋದರೆ ತಿಲ್ದೆ ಯಾವಾಗಲೂ ಬೇಕು.

ಕೊನೆಗೆ ಒತ್ತು ಇರುವ ಪದವನ್ನು ಅಗುದ, ಕೊನೆಯಿಂದ ಎರಡನೆಯದಕ್ಕೆ ಇರುವುದನ್ನು ಯಾನ, ಮೂರನೆಯದಕ್ಕೆ ಇರುವುದನ್ನು ಎಸ್ದ್ರೂಹುಲ ಅನ್ನುತ್ತಾರೆ. ಎಸ್-ದ್ರೂ-ಹು-ಲ ಅನ್ನುವ ಪದ ತಾನೇ ಒಂದು ಎಸ್ದ್ರೂಹುಲ. ಅ-ಗೂ-ದ ಮಾತ್ರ ಅಗುದ ಅಲ್ಲ, ಯಾನ. ಹೆಸರಿಟ್ಟವರಿಗೆ ಕೇಳುವುದಕ್ಕೆ ಆಗುತ್ತಾ?

ನಿಯಮ ಮೊದಲ ಸಲ ಓದಿದಾಗ ಒಂದು ಪ್ರಶ್ನೆ ಬರುತ್ತದೆ. ಇಷ್ಟೊಂದು ವ್ಯಂಜನಗಳಲ್ಲಿ ‘ಎನ್’, ‘ಎಸ್’ ಎರಡಕ್ಕೇ ಯಾಕೆ ವಿನಾಯಿತಿ? ಕ್ರಿಯಾಪದವನ್ನು ನೋಡಿದರೆ ಉತ್ತರ ಅಲ್ಲೇ ಇದೆ. ಆ-ಬ್ಲ, ‘ಮಾತಾಡುತ್ತಾಳೆ’. ಅದಕ್ಕೆ ‘ಎಸ್’ ಸೇರಿದರೆ ಆ-ಬ್ಲಸ್, ‘ಮಾತಾಡುತ್ತೀಯ’. ‘ಎನ್’ ಸೇರಿದರೆ ಆ-ಬ್ಲನ್, ‘ಮಾತಾಡುತ್ತಾರೆ’. ಪುರುಷ ಬದಲಾಯಿತು, ವಚನ ಬದಲಾಯಿತು, ಒತ್ತು ಮಾತ್ರ ಇದ್ದಲ್ಲೇ ಇದೆ. ಈ ಎರಡು ಅಕ್ಷರಗಳಿಗೆ ವಿನಾಯಿತಿ ಇಲ್ಲದಿದ್ದರೆ ‘ನೀನು’, ‘ಅವರು’ ರೂಪಗಳಿಗೆಲ್ಲ ತಿಲ್ದೆ ಎಳೆಯುತ್ತಾ ಕೂರಬೇಕಿತ್ತು. ನಾಮಪದಗಳ ಬಹುವಚನಕ್ಕೂ ‘ಎಸ್’ ಬರುತ್ತದೆ, ಅಲ್ಲೂ ಇದೇ ಲಾಭ. ಇನ್ನು ಕ್ರಿಯಾಪದದ ಮೂಲರೂಪಗಳೆಲ್ಲ ‘ಆರ್’ ಅಕ್ಷರದಲ್ಲಿ ಮುಗಿಯುತ್ತವೆ, ಒತ್ತು ಕೊನೆಗೆ: ಅ-ಬ್ಲಾರ್, ಕೊ-ಮೇರ್. ಸ್ಪೇನ್‌ನಲ್ಲಿ ‘ನೀವೆಲ್ಲ ಮಾತಾಡಿ’ ಅನ್ನುವ ರೂಪ ‘ಡಿ’ ಅಕ್ಷರದಲ್ಲಿ ಮುಗಿಯುತ್ತದೆ, ಅಲ್ಲೂ ಕೊನೆಗೇ: ಅ-ಬ್ಲಾದ್. ತಿಲ್ದೆ ಬೇಕಿಲ್ಲ. ಕ್ರಿಯಾಪದಗಳ ಪಟ್ಟಿ ಎದುರಿಗಿಟ್ಟುಕೊಂಡೇ ಈ ನಿಯಮ ಬರೆದ ಹಾಗಿದೆ.

ಲ್ಯಾಟಿನ್‌ನ ಲಘು, ಗುರು

ವರ್ತಮಾನ ಕಾಲದಲ್ಲಿ ಆರು ರೂಪ. ನಾನು ಆ-ಬ್ಲೊ, ನೀನು ಆ-ಬ್ಲಸ್, ಅವನು ಆ-ಬ್ಲ, ನಾವು ಅ-ಬ್ಲಾ-ಮೊಸ್, ನೀವು ಅ-ಬ್ಲಾಯ್ಸ್, ಅವರು ಆ-ಬ್ಲನ್. ನಾಲ್ಕರಲ್ಲಿ ಒತ್ತು ಧಾತುವಿನ ಮೇಲಿದೆ. ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಪ್ರತ್ಯಯಕ್ಕೆ ಜರುಗಿದೆ. ಏಕವಚನ ಎಡಕ್ಕೆ, ಬಹುವಚನ ಬಲಕ್ಕೆ ಬರೆದು ಆ ನಾಲ್ಕರ ಸುತ್ತ ಗೆರೆ ಎಳೆದರೆ ಬೂಟಿನ ಆಕಾರ ಬರುತ್ತದೆ. ಮೇಷ್ಟ್ರುಗಳು ಬೋರ್ಡಿನ ಮೇಲೆ ಬೂಟು ಬರೆಯುವುದು ಇದಕ್ಕೇ.

ಯಾಕೆ ಹೀಗೆ ಅಂತ ಕೇಳಿದರೆ ಸ್ಪ್ಯಾನಿಷ್‌ನ ತಾಯಿ ಭಾಷೆ ಲ್ಯಾಟಿನ್‌ಗೆ ಹೋಗಬೇಕು. ಲ್ಯಾಟಿನ್‌ನಲ್ಲಿ ಒತ್ತು ಎಲ್ಲಿ ಬೀಳಬೇಕು ಅನ್ನುವುದನ್ನು ನಿರ್ಧರಿಸುತ್ತಿದ್ದದ್ದು ಲಘು–ಗುರು. ಕೊನೆಯಿಂದ ಎರಡನೆಯ ಸಿಲಬಲ್ ಗುರುವಾದರೆ ಒತ್ತು ಅದಕ್ಕೆ. ಅದು ಲಘುವಾದರೆ ಒತ್ತು ಇನ್ನೊಂದು ಹೆಜ್ಜೆ ಹಿಂದಕ್ಕೆ. ಪದದಲ್ಲಿ ಎರಡೇ ಸಿಲಬಲ್ ಇದ್ದರೆ ಮೊದಲನೆಯದಕ್ಕೆ. ಈಗ ‘ಹಾಡು’ ಕ್ರಿಯಾಪದ ತೆಗೆದುಕೊಳ್ಳಿ. ‘ಹಾಡುತ್ತೇನೆ’ ಲ್ಯಾಟಿನ್‌ನಲ್ಲಿ ಕನ್ತೋ. ಇಲ್ಲಿ ತೋ ಅನ್ನುವುದು ನಿಜವಾದ ದೀರ್ಘ, ನನ್ನ ಗುರುತಲ್ಲ. ಎರಡೇ ಸಿಲಬಲ್, ಹಾಗಾಗಿ ಒತ್ತು ಕನ್ ಮೇಲೆ. ‘ಹಾಡುತ್ತೇವೆ’ ಕನ್ತಾಮುಸ್. ಕೊನೆಯಿಂದ ಎರಡನೆಯದು ತಾ, ದೀರ್ಘ, ಅಂದರೆ ಗುರು. ಒತ್ತು ಅಲ್ಲಿಗೇ. ಶತಮಾನಗಳು ಕಳೆದು ಸ್ವರಗಳ ಉದ್ದ ಮಾಯವಾಯಿತು, ಲಘು–ಗುರು ಲೆಕ್ಕವೂ ಹೋಯಿತು. ಒತ್ತು ಮಾತ್ರ ಬಿದ್ದಲ್ಲೇ ಉಳಿಯಿತು. ಸ್ಪ್ಯಾನಿಷ್‌ನಲ್ಲಿ ಈಗಲೂ ಕಾನ್-ತೊ, ಕನ್-ತಾ-ಮೊಸ್.

‘ಹಾಡಿದ’ ಅನ್ನುವುದರ ಕಥೆ ಇನ್ನೂ ಚೆಂದ. ಲ್ಯಾಟಿನ್‌ನಲ್ಲಿ ಅದು ಕನ್ತಾವಿತ್, ಒತ್ತು ತಾ ಮೇಲೆ. ಆಡುಮಾತಿನಲ್ಲಿ ಬಾಲ ಸವೆದು ಕನ್ತಾವ್ತ್ ಅನ್ನುವ ಹಾಗಾಯಿತು, ಕೊನೆಗೆ ಕನ್-ತೋ ಅಷ್ಟೇ ಉಳಿಯಿತು. ಒತ್ತು ಹೊತ್ತ ಸಿಲಬಲ್ ಉಳಿದು ಅದರ ಹಿಂಬಾಲಕರೆಲ್ಲ ಉದುರಿಹೋದರು. ಹಾಗಾಗಿಯೇ ಒತ್ತು ಪದದ ತುದಿಗೆ ಬಂದು ನಿಂತಿದೆ, ಹಾಗಾಗಿಯೇ ಈ ರೂಪಕ್ಕೆ ತಿಲ್ದೆ ಬೇಕು. ‘ಹಾಡುತ್ತೇನೆ’ ಮತ್ತು ‘ಹಾಡಿದ’ ಹುಟ್ಟಿನಲ್ಲಿ ಒಂದಕ್ಕೊಂದು ಹೋಲುತ್ತಿರಲಿಲ್ಲ. ಸವೆದು ಸವೆದು ಒಂದೇ ಅಕ್ಷರಗಳಿಗೆ ಬಂದು ಸೇರಿದವು. ನಡುವೆ ಉಳಿದ ಗೋಡೆ ಅಂದರೆ ಒತ್ತು ಒಂದೇ.

ಬೂಟಿನ ವಿಷಯಕ್ಕೆ ವಾಪಸ್ ಬರೋಣ. ಕಲಿಯುವವರು ಬೈದುಕೊಳ್ಳುವ ‘ಧಾತು ಬದಲಾಗುವ ಕ್ರಿಯಾಪದಗಳು’ ಹುಟ್ಟಿದ್ದು ಇಲ್ಲೇ. ಲ್ಯಾಟಿನ್‌ನ ಹ್ರಸ್ವ ಒ ಮೇಲೆ ಒತ್ತು ಬಿದ್ದರೆ ಸ್ಪ್ಯಾನಿಷ್‌ನಲ್ಲಿ ಅದು ಒಡೆದು ‘ವೆ’ ಆಯಿತು. ಹ್ರಸ್ವ ಎ ಮೇಲೆ ಬಿದ್ದರೆ ‘ಯೆ’ ಆಯಿತು. ಒತ್ತು ಇಲ್ಲದ ಕಡೆ ಹಾಗೇ ಉಳಿಯಿತು. ‘ಆಗುತ್ತದೆ, ಸಾಧ್ಯ’ ಅನ್ನುವ ಪೊ-ದೇರ್ ನೋಡಿ: ಪ್ವೇ-ದೊ, ಪ್ವೇ-ದೆಸ್, ಪ್ವೇ-ದೆ, ಆಮೇಲೆ ಪೊ-ದೇ-ಮೊಸ್, ಪೊ-ದೇಯ್ಸ್, ಮತ್ತೆ ಪ್ವೇ-ದೆನ್. ‘ಯೋಚಿಸು’ ಅನ್ನುವುದು ಪೆನ್-ಸಾರ್, ‘ಯೋಚಿಸುತ್ತೇನೆ’ ಪ್ಯೇನ್-ಸೊ, ‘ಯೋಚಿಸುತ್ತೇವೆ’ ಪೆನ್-ಸಾ-ಮೊಸ್. ಇದು ಕ್ರಿಯಾಪದಕ್ಕೆ ಮಾತ್ರ ಬಂದ ರೋಗ ಅಲ್ಲ. ಬಾಗಿಲು ಪ್ವೇರ್-ತ, ಬಾಗಿಲು ಕಾಯುವವನು ಪೊರ್-ತೇ-ರೊ. ಏಳು ಸ್ಯೇ-ತೆ, ಎಪ್ಪತ್ತು ಸೆ-ತೇನ್-ತ. ಒತ್ತು ಸರಿದ ಕೂಡಲೇ ಸ್ವರ ಹಳೆಯ ರೂಪಕ್ಕೆ ಮರಳುತ್ತದೆ. ಪುಸ್ತಕದಲ್ಲಿ ಇದನ್ನು ‘ಅನಿಯಮಿತ’ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಇದಕ್ಕಿಂತ ಜಾಸ್ತಿ ನಿಯಮಿತವಾಗಿ ನಡೆದುಕೊಳ್ಳುವುದು ಹೇಗೆ? ಎಲ್ಲ ಒ, ಎ ಹೀಗೆ ಒಡೆಯುವುದಿಲ್ಲ ಅನ್ನುವುದು ನಿಜ. ಕೊ-ಮೇರ್‌ನಿಂದ ಬರುವುದು ಕೋ-ಮೊ.

ಒತ್ತು ಬಿದ್ದರೆ ಮಾತ್ರ ಸ್ವರ ಒಡೆಯುತ್ತದೆ ಅನ್ನುವ ಮಾತಿಗೆ ಸಾಕ್ಷಿ ಅರ್ಜೆಂಟೀನಾದಲ್ಲಿ ಸಿಗುತ್ತದೆ. ಅಲ್ಲಿ, ಉರುಗ್ವೆ, ಪರಾಗ್ವೆಯಲ್ಲಿ, ಮಧ್ಯ ಅಮೆರಿಕದ ಬಹಳ ಕಡೆ ‘ನೀನು’ ಅನ್ನುವುದಕ್ಕೆ ‘ತೂ’ ಬದಲು ‘ಬೋಸ್’ ಅನ್ನುತ್ತಾರೆ. ಅದರ ಕ್ರಿಯಾರೂಪ ಹುಟ್ಟಿದ್ದು ಹಳೆಯ ‘ನೀವು’ ರೂಪದಿಂದ, ಹಾಗಾಗಿ ಒತ್ತು ಪ್ರತ್ಯಯದ ಮೇಲೆ. ಮಾತಾಡುತ್ತೀಯ: ಅ-ಬ್ಲಾಸ್. ತಿನ್ನುತ್ತೀಯ: ಕೊ-ಮೇಸ್. ಮತ್ತೆ ‘ನಿನ್ನಿಂದ ಆಗುತ್ತದೆ’ ಪ್ವೇ-ದೆಸ್ ಅಲ್ಲ, ಪೊ-ದೇಸ್. ಧಾತುವಿನ ಮೇಲೆ ಒತ್ತು ಇಲ್ಲ, ಅದಕ್ಕೇ ಸ್ವರ ಒಡೆದೂ ಇಲ್ಲ.

ಜನರ ಬಾಯಿ ಇದಕ್ಕೆ ತದ್ವಿರುದ್ಧವಾಗಿ ಎಳೆಯುವುದೂ ಉಂಟು. ‘ನಮ್ಮಿಂದ ಆಗಲಿ’ ಅನ್ನುವ ಅರ್ಥದ ಪೊ-ದಾ-ಮೊಸ್ ರೂಪವನ್ನು ಕೆಲವು ಕಡೆ ಆಡುಮಾತಿನಲ್ಲಿ ಪ್ವೇ-ದ-ಮೊಸ್ ಅನ್ನುತ್ತಾರೆ. ಬಾಕಿ ನಾಲ್ಕರಲ್ಲಿ ಒತ್ತು ಧಾತುವಿನ ಮೇಲಿದೆ, ಇಲ್ಲೂ ಅಲ್ಲೇ ಇರಲಿ ಅನ್ನುವ ಎಳೆತ. ಪುಸ್ತಕದ ಪ್ರಕಾರ ತಪ್ಪು. ಆದರೆ ಒತ್ತು ಹಿಂದೆ ಸರಿದ ತಕ್ಷಣ ‘ವೆ’ ಕೂಡ ಬಂದುಬಿಟ್ಟಿದೆ ನೋಡಿ.

ಹಿಂದೆ, ಮುಂದೆ

ಮೊಬೈಲಿನಲ್ಲಿ ಟೈಪ್ ಮಾಡುವಾಗ ಸ್ಪ್ಯಾನಿಷ್‌ನವರೂ ತಿಲ್ದೆ ಬಿಡುತ್ತಾರೆ. ‘ಯೇ-ಗೊ ತಾರ್-ದೆ’ ಅಂದರೆ ‘ತಡವಾಗಿ ಬರ್ತೀನಿ’. ‘ಯೆ-ಗೋ ತಾರ್-ದೆ’ ಅಂದರೆ ‘ತಡವಾಗಿ ಬಂದ’. ತಿಲ್ದೆ ಇಲ್ಲದೆ ಬಂದ ಮೆಸೇಜು ಯಾವುದು ಅಂತ ಹಿಂದಿನ ಮಾತು ನೋಡಿಯೇ ಊಹಿಸಬೇಕು. ಫೋನಿನಲ್ಲಿ ಹೇಳಿದರೆ ಈ ಗೊಂದಲ ಇಲ್ಲ.

‘ಮಾತಾಡಿದೆ’ ಅನ್ನುವುದು ಅ-ಬ್ಲೇ. ಒತ್ತು ಮೊದಲ ತುಂಡಿಗೆ ತಂದು ಆ-ಬ್ಲೆ ಅಂದರೆ ಅದು ಗೌರವದ ‘ಮಾತಾಡಿ’. ‘ಮಾತಾಡುತ್ತಾನೆ’ ಅಂತ ನಾಳೆಯ ಬಗ್ಗೆ ಹೇಳುವಾಗ ಅ-ಬ್ಲ-ರಾ. ಒತ್ತು ನಡುವೆ ಬಂದು ಅ-ಬ್ಲಾ-ರ ಆದರೆ ‘ಮಾತಾಡಿದ್ದರೆ’ ಅನ್ನುವಂಥ ವಾಕ್ಯಗಳಲ್ಲಿ ಬರುವ ರೂಪ. ನಾಮಪದ ಒಂದು ಸೇರಿದರೆ ಮೂರು ಮೂರು ಪದಗಳ ಕಂತೆಯೇ ಸಿಗುತ್ತದೆ. ತೇರ್-ಮಿ-ನೊ ‘ಕೊನೆ, ಗಡುವು’. ತೆರ್-ಮೀ-ನೊ ‘ಮುಗಿಸುತ್ತೇನೆ’. ತೆರ್-ಮಿ-ನೋ ‘ಮುಗಿಸಿದ’. ಹಾಗೇ ಪೂ-ಬ್ಲಿ-ಕೊ ‘ಸಾರ್ವಜನಿಕ’, ಪು-ಬ್ಲೀ-ಕೊ ‘ಪ್ರಕಟಿಸುತ್ತೇನೆ’, ಪು-ಬ್ಲಿ-ಕೋ ‘ಪ್ರಕಟಿಸಿದಳು’. ಮೂರನ್ನೂ ಗಟ್ಟಿಯಾಗಿ, ಒಂದರ ಹಿಂದೆ ಒಂದು ಹೇಳಿ ನೋಡಿ. ಪಟ್ಟಿಗಳನ್ನು ಉರು ಹೊಡೆಯುವುದಕ್ಕಿಂತ ಕಿವಿಗೆ ಇದು ಬೇಗ ಹತ್ತುತ್ತದೆ.

ಎಲ್ಲ ಕಡೆ ಒತ್ತು ಕೈ ಹಿಡಿಯುವುದಿಲ್ಲ. ಅ-ಬ್ಲಾ-ಮೊಸ್ ಅಂದರೆ ‘ಮಾತಾಡುತ್ತೇವೆ’ಯೂ ಹೌದು, ‘ಮಾತಾಡಿದೆವು’ ಕೂಡ ಹೌದು. ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ‘ಬಂದೆ’ ಅಂತಲೇ ಹೇಳಿ ನಾವೂ ಸಂಸಾರ ನಡೆಸುತ್ತಿಲ್ವಾ, ಹಾಗೆ.

ಭವಿಷ್ಯತ್ ಕಾಲದಲ್ಲಿ ಆರೂ ರೂಪಗಳ ಒತ್ತು ಪ್ರತ್ಯಯದ ಮೇಲೇ ಇರುತ್ತದೆ. ಯಾಕೆಂದರೆ ಆ ಪ್ರತ್ಯಯ ಒಂದು ಕಾಲಕ್ಕೆ ಬೇರೆ ಕ್ರಿಯಾಪದ. ‘ಇರು, ಹೊಂದಿರು’ ಅನ್ನುವ ಅರ್ಥದ ‘ಅ-ಬೇರ್’ನ ವರ್ತಮಾನ ರೂಪಗಳನ್ನು ಮೂಲರೂಪದ ಹಿಂದೆ ಅಂಟಿಸಿದ್ದರು. ಅ-ಬ್ಲಾರ್ ಜೊತೆಗೆ ಏ ಸೇರಿ ಅ-ಬ್ಲ-ರೇ, ‘ಮಾತಾಡುವೆ’. ಹಳೆಯ ಸ್ಪ್ಯಾನಿಷ್‌ನಲ್ಲಿ ಅಂಟು ಇನ್ನೂ ಹಸಿಯಾಗಿತ್ತು, ‘ಅದನ್ನು’, ‘ನಿನಗೆ’ ಅನ್ನುವ ಸಣ್ಣ ಸರ್ವನಾಮಗಳು ನಡುವೆ ನುಗ್ಗಬಹುದಿತ್ತು. ‘ನಿನಗೆ ಕೊಡುವೆ’ ಅನ್ನುವುದನ್ನು ದಾರ್–ತೆ–ಏ ಅಂತ ಬಿಡಿಸಿ ಹೇಳುತ್ತಿದ್ದರು. ಇವತ್ತು ನಡುವೆ ಜಾಗ ಇಲ್ಲ, ಆದರೆ ಹೊರಗಿನಿಂದ ಬಂದ ಪದ ತನ್ನ ಒತ್ತನ್ನು ಬಿಟ್ಟುಕೊಟ್ಟಿಲ್ಲ. ಹಾಗಾಗಿ ‘ನಾವು’ ರೂಪ ಒಂದನ್ನು ಬಿಟ್ಟು ಭವಿಷ್ಯತ್ತಿನ ಬಾಕಿ ಐದಕ್ಕೂ ತಿಲ್ದೆ. ಅ-ಬ್ಲ-ರೇ-ಮೊಸ್ ಸ್ವಂತವಾಗಿಯೇ ನಿಯಮಕ್ಕೆ ಕೂರುತ್ತದೆ, ಗುರುತು ಬೇಡ.

‘ಮಾತಾಡುತ್ತಿದ್ದ’ ಅನ್ನುವ ಕಾಲದಲ್ಲಿ ಒಂದೇ ಒಂದು ವಿಶೇಷ. ಅ-ಬ್ಲಾ-ಬ, ಅ-ಬ್ಲಾ-ಬಸ್ ಎಲ್ಲ ಸೀದಾ. ‘ನಾವು’ ರೂಪ ಅ-ಬ್ಲಾ-ಬ-ಮೊಸ್, ಒತ್ತು ಕೊನೆಯಿಂದ ಮೂರನೆಯದಕ್ಕೆ, ತಿಲ್ದೆ ಬೇಕು. ಲ್ಯಾಟಿನ್‌ನಲ್ಲಿ ಇಂಥ ರೂಪಗಳ ಒತ್ತು ಒಂದು ಹೆಜ್ಜೆ ಮುಂದಿತ್ತು. ಸ್ಪ್ಯಾನಿಷ್ ಅದನ್ನು ಹಿಂದಕ್ಕೆಳೆದು ಆರನ್ನೂ ಒಂದೇ ಸಾಲಿಗೆ ನಿಲ್ಲಿಸಿತು.

ತುಂಬಾ ಬಳಕೆಯ ಕೆಲವು ಕ್ರಿಯಾಪದಗಳು ಮಾತ್ರ ಭೂತಕಾಲದಲ್ಲಿ ಒತ್ತನ್ನು ತುದಿಗೆ ಕಳಿಸುವುದಿಲ್ಲ. ‘ಹೇಳಿದ’ ದೀ-ಹೊ, ‘ಮಾಡಿದ’ ಈ-ಸೊ, ‘ಇತ್ತು, ಹೊಂದಿದ್ದ’ ತೂ-ಬೊ. ಲ್ಯಾಟಿನ್‌ನಲ್ಲೇ ಇವುಗಳ ಒತ್ತು ಧಾತುವಿನ ಮೇಲಿತ್ತು. ಅಬ್ಲೋ, ಕಮ್ಬ್ಯೋ ಅಂತ ರೂಢಿಯಾದ ಕೈ ಇವಕ್ಕೂ ತಿಲ್ದೆ ಹಾಕಿಬಿಡುತ್ತದೆ. ಹಾಕಬಾರದು.

ಗೊತ್ತಿಲ್ಲದಿದ್ದರೆ ಊಹಿಸಲಾಗದ ಜಾಗ

ಇಅರ್, ಉಅರ್ ಅಂತ ಮುಗಿಯುವ ಕ್ರಿಯಾಪದಗಳು ಕೊಡುವ ಕಾಟವೇ ಬೇರೆ. ‘ಬದಲಾಯಿಸು’ ಕಮ್-ಬ್ಯಾರ್, ‘ಕಳಿಸು’ ಎನ್-ಬ್ಯಾರ್. ಮೂಲರೂಪದಲ್ಲಿ ಅಣ್ಣತಮ್ಮಂದಿರ ಹಾಗಿವೆ. ಆದರೆ ‘ಬದಲಾಯಿಸುತ್ತೇನೆ’ ಕಾಮ್-ಬ್ಯೊ, ಎರಡು ಸಿಲಬಲ್. ‘ಕಳಿಸುತ್ತೇನೆ’ ಎನ್-ಬೀ-ಒ, ಮೂರು ಸಿಲಬಲ್, ಇ ಮೇಲೆ ತಿಲ್ದೆ. ‘ಅಭ್ಯಾಸ ಮಾಡು’, ‘ಸ್ವಚ್ಛ ಮಾಡು’, ‘ನಕಲು ಮಾಡು’ ಮೊದಲನೆಯ ಗುಂಪು. ‘ನಂಬು’, ‘ದಾರಿ ತೋರಿಸು’, ‘ಫೋಟೋ ತೆಗೆ’ ಎರಡನೆಯದು. ಯಾವುದು ಯಾವ ಗುಂಪು ಅಂತ ನೋಡಿ ಹೇಳುವುದಕ್ಕೆ ಆಗುವುದಿಲ್ಲ, ಒಂದೊಂದಾಗಿ ಕಲಿಯಬೇಕು.

ಉಅರ್ ಗುಂಪು ಅಷ್ಟು ಕೆಟ್ಟದಲ್ಲ. ಅದರ ಹಿಂದೆ ಗ ಇದ್ದರೆ ಉ ಕರಗುತ್ತದೆ, ಕ ಇದ್ದರೆ ಎರಡು ಉಚ್ಚಾರವೂ ನಡೆಯುತ್ತದೆ, ಬೇರೇನಿದ್ದರೂ ಉ ಒತ್ತು ಹೊತ್ತು ನಿಲ್ಲುತ್ತದೆ. ‘ಮುಂದುವರಿಸು’ ಈ ಕೊನೆಯ ಬಗೆ. ಅದರಲ್ಲೂ ಮೂರರ ಕಂತೆ ಸಿಗುತ್ತದೆ, ಈ ಸಲ ಸಿಲಬಲ್ ಎಣಿಕೆಯೂ ಬದಲಾಗುತ್ತದೆ. ಕೊನ್-ತೀ-ನ್ವೊ ‘ಎಡೆಬಿಡದ’, ಕೊನ್-ತಿ-ನೂ-ಒ ‘ಮುಂದುವರಿಸುತ್ತೇನೆ’, ಕೊನ್-ತಿ-ನ್ವೋ ‘ಮುಂದುವರಿಸಿದ’. ಮೂರು, ನಾಲ್ಕು, ಮೂರು.

ಸಿಲಬಲ್ ಎಷ್ಟು ಅನ್ನುವುದರ ಬಗ್ಗೆ ಸ್ಪ್ಯಾನಿಷ್‌ನವರೇ ಜಗಳಾಡಿದ್ದಾರೆ. ಒಂದೇ ಸಿಲಬಲ್‌ನ ಪದಕ್ಕೆ ತಿಲ್ದೆ ಬೇಕಿಲ್ಲ, ಒತ್ತು ಹೋಗಲು ಬೇರೆ ಜಾಗವೇ ಇಲ್ಲ. ಆದರೂ ‘ನೋಡಿದ’, ‘ಕೊಟ್ಟ’, ‘ಹೋದೆ’, ‘ಹೋದ’ ಅನ್ನುವ ಬ್ಯೋ, ದ್ಯೋ, ಫ್ವೀ, ಫ್ವೇ ರೂಪಗಳಿಗೆ ಮುಂಚೆ ತಿಲ್ದೆ ಹಾಕುತ್ತಿದ್ದರು. ರಾಯಲ್ ಸ್ಪ್ಯಾನಿಷ್ ಅಕಾಡೆಮಿ 1952ರಲ್ಲಿ ಪ್ರಕಟಿಸಿ 1959ರಲ್ಲಿ ಜಾರಿಗೆ ತಂದ ಹೊಸ ನಿಯಮಗಳು ಅದನ್ನು ತೆಗೆದವು. ಹಳೆಯ ಪುಸ್ತಕಗಳಲ್ಲಿ ಇನ್ನೂ ಕಾಣುತ್ತದೆ.

‘ನಗು’ ಕ್ರಿಯಾಪದ ಇನ್ನೂ ನಾಜೂಕು. ‘ನಗುತ್ತೇನೆ’ ರೀ-ಒ, ಎರಡು ಸಿಲಬಲ್, ತಿಲ್ದೆ ಇದೆ. ‘ನಕ್ಕ’ ಅನ್ನುವುದನ್ನು ಕೆಲವರು ರಿ-ಓ ಅಂತ ಬಿಡಿಸಿ ಹೇಳುತ್ತಾರೆ, ಕೆಲವರು ರ್ಯೋ ಅಂತ ಒಂದೇ ಉಸಿರಿನಲ್ಲಿ. 1999ರ ನಿಯಮ ಎರಡು ಸಿಲಬಲ್ ಅನ್ನುವವರು ಬೇಕಾದರೆ ತಿಲ್ದೆ ಹಾಕಿಕೊಳ್ಳಲಿ ಅಂದಿತ್ತು. 2010ರ ಹೊಸ ಕಾಗುಣಿತ ಗ್ರಂಥ ಆ ರಿಯಾಯಿತಿಯನ್ನೂ ತೆಗೆದುಹಾಕಿತು. ಈಗ ಹೇಗೆ ಹೇಳಿದರೂ ಬರೆಯುವಾಗ ಒಂದೇ ಸಿಲಬಲ್ ಅಂತ ಲೆಕ್ಕ, ತಿಲ್ದೆ ಇಲ್ಲ.

ಬಾಲ ಬೆಳೆದಾಗ

ಆಜ್ಞೆಯ ರೂಪಕ್ಕೆ ‘ನನಗೆ’, ‘ಅದನ್ನು’ ಅನ್ನುವ ಸರ್ವನಾಮಗಳು ಹಿಂದಿನಿಂದ ಬಂದು ಅಂಟುತ್ತವೆ. ಸಿಲಬಲ್ ಜಾಸ್ತಿಯಾಗುತ್ತವೆ, ಒತ್ತು ಮಾತ್ರ ಇದ್ದಲ್ಲಿಂದ ಕದಲುವುದಿಲ್ಲ. ‘ಕೊಡು’ ದಾ. ‘ನನಗೆ ಕೊಡು’ ದಾ-ಮೆ. ‘ನನಗೆ ಅದನ್ನು ಕೊಡು’ ದಾ-ಮೆ-ಲೊ. ಮೊದಲೆರಡಕ್ಕೆ ತಿಲ್ದೆ ಇಲ್ಲ, ಮೂರನೆಯದರಲ್ಲಿ ಒತ್ತು ಕೊನೆಯಿಂದ ಮೂರನೆಯದಾಯಿತು, ತಿಲ್ದೆ ಬಂತು. ‘ನನಗೆ ಅದನ್ನು ಕೊಂಡುಕೊಡು’ ಅಂದರೆ ಕೋಮ್-ಪ್ರ-ಮೆ-ಲೊ, ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ. ಇಷ್ಟು ಹಿಂದೆ ಒತ್ತು ಇರುವ ಪದಗಳು ಸಿಗುವುದು ಹೆಚ್ಚಾಗಿ ಇಂಥ ಬಾಲ ಬೆಳೆದ ಕ್ರಿಯಾಪದಗಳಲ್ಲೇ.

ಉಲ್ಟಾ ಕೂಡ ಆಗುತ್ತದೆ. ಗೌರವದ ‘ಕೊಡಿ’ ದೇ. ಒಂದೇ ಸಿಲಬಲ್ ಆದರೂ ಅದಕ್ಕೆ ತಿಲ್ದೆ ಇದೆ, ಅದೇ ಅಕ್ಷರಗಳ ಇನ್ನೊಂದು ಸಣ್ಣ ಪದದಿಂದ ಬೇರೆ ಅಂತ ತೋರಿಸಲು. ‘ನನಗೆ ಕೊಡಿ’ ಅಂದಾಗ ಅದು ದೇ-ಮೆ ಆಗುತ್ತದೆ, ಗೊಂದಲ ಇಲ್ಲ, ತಿಲ್ದೆಯೂ ಬೇಡ. 1999ರವರೆಗೆ ಮೂಲದ ತಿಲ್ದೆಯನ್ನು ಇಲ್ಲೂ ಉಳಿಸಿಕೊಳ್ಳುತ್ತಿದ್ದರು.

ಈಗ ‘ನನ್ನನ್ನು ನೋಡು’ ಅಂತ ಹೇಳಬೇಕು. ಮೆಕ್ಸಿಕೋದಲ್ಲೋ ಮ್ಯಾಡ್ರಿಡ್‌ನಲ್ಲೋ ಆದರೆ ‘ನೋಡು’ ಮೀ-ರ, ಬಾಲ ಸೇರಿ ಮೀ-ರ-ಮೆ. ಒತ್ತು ಕೊನೆಯಿಂದ ಮೂರನೆಯದು, ಹಾಗಾಗಿ ತಿಲ್ದೆ ಇದೆ. ಬ್ಯೂನಸ್ ಐರಿಸ್‌ನಲ್ಲಿ ‘ನೋಡು’ ಮಿ-ರಾ, ತಿಲ್ದೆ ಸಮೇತ. ಬಾಲ ಸೇರಿದರೆ ಮಿ-ರಾ-ಮೆ, ಒತ್ತು ಕೊನೆಯಿಂದ ಎರಡನೆಯದು, ಸ್ವರದಲ್ಲಿ ಮುಗಿದಿದೆ, ತಿಲ್ದೆ ಬಿದ್ದುಹೋಯಿತು. ಒಂದೇ ಆರು ಅಕ್ಷರ. ಮೊದಲ ಸ್ವರದ ಮೇಲೆ ಗೀಟಿದ್ದರೆ ಕರೆಯುತ್ತಿರುವವರು ‘ತೂ’ ಅನ್ನುವವರು, ಗೀಟಿಲ್ಲದಿದ್ದರೆ ‘ಬೋಸ್’ ಅನ್ನುವವರು.